ಎತ್ತರ ಖರ್ಚಾಗುವ ಮುನ್ನ

ವಿಮಾನ 13,500 ಅಡಿಗೆ ಏರಿ ಬಾಗಿಲು ತೆರೆಯಿತು ಎಂದುಕೊಳ್ಳಿ. ಹೊರಕ್ಕೆ ಧುಮುಕಿದವರು ಮೊದಲ ಹತ್ತು ಸೆಕೆಂಡಿನಲ್ಲಿ ಸುಮಾರು ಒಂದು ಸಾವಿರ ಅಡಿ ಇಳಿಯುತ್ತಾರೆ. ಅಷ್ಟರಲ್ಲಿ ವೇಗ ಗಂಟೆಗೆ 190 ಕಿ.ಮೀ. ಆಸುಪಾಸು ಮುಟ್ಟಿರುತ್ತದೆ. ಹೊಟ್ಟೆ ಕೆಳಗಾಗಿ ಬೀಳುವ ಮೈಗೆ ಗಾಳಿ ಒಡ್ಡುವ ತಡೆ ಅದಕ್ಕಿಂತ ಹೆಚ್ಚಿನ ವೇಗಕ್ಕೆ ಬಿಡುವುದಿಲ್ಲ. ಅಲ್ಲಿಂದಾಚೆಗೆ ಐದೂವರೆ ಸೆಕೆಂಡಿಗೆ ಒಂದು ಸಾವಿರ ಅಡಿಯಂತೆ ಎತ್ತರ ಕರಗುತ್ತ ಹೋಗುತ್ತದೆ. ಕಲಿಯುವವರು ಪ್ಯಾರಾಚೂಟ್ ಬಿಚ್ಚಬೇಕಾದದ್ದು ಸುಮಾರು 5,500 ಅಡಿಯಲ್ಲಿ. ಬಿಚ್ಚದೇ ಹೋದರೆ ಅಲ್ಲಿಂದ ನೆಲಕ್ಕೆ ಮೂವತ್ತು ಸೆಕೆಂಡು. 2,500 ಅಡಿಯಿಂದಾದರೆ ಹದಿನಾಲ್ಕೇ ಸೆಕೆಂಡು.

ಸ್ಕೈಡೈವಿಂಗ್‌ನ ಸಲಕರಣೆ, ತರಬೇತಿ, ನಿಯಮ ಎಲ್ಲವೂ ಹುಟ್ಟಿಕೊಂಡಿರುವುದು ಈ ಲೆಕ್ಕದಿಂದ. ಎತ್ತರವೆಂದರೆ ಗಂಟಿನಲ್ಲಿರುವ ದುಡ್ಡು. ಬಾಗಿಲು ದಾಟಿದ ಕ್ಷಣದಿಂದ ಅದು ಖರ್ಚಾಗುತ್ತಲೇ ಇರುತ್ತದೆ; ಒಂದು ಅಡಿಯನ್ನೂ ಮರಳಿ ಗಳಿಸಲು ಬರುವುದಿಲ್ಲ. ಮೇಲೆ ಏನಾದರೂ ಕೆಟ್ಟರೆ ಏನು ಮಾಡಬೇಕೆಂದು ಯೋಚಿಸಿ ಮುಗಿಸಬೇಕಾದದ್ದು ನೆಲದ ಮೇಲೇ. ಆಕಾಶದಲ್ಲಿ ಕೈಗಳು ಆ ನಿರ್ಧಾರವನ್ನು ಪಾಲಿಸಬೇಕು, ಅಷ್ಟೆ. ಹೊಸಬರನ್ನು ಕಾಯುವುದು ಧೈರ್ಯಕ್ಕಿಂತ ಹೆಚ್ಚಾಗಿ ಈ ಶಿಸ್ತು.

ಈ ಮಾತು ಈಗ ಹೇಳಲು ಕಾರಣವಿದೆ. ಕ್ಯಾಲಿಫೋರ್ನಿಯಾದಲ್ಲೋ ದುಬೈಯಲ್ಲೋ ಕೆಲಸಕ್ಕಿರುವ ಮಗನೋ ಮಗಳೋ ಆಕಾಶದಿಂದ ಧುಮುಕುವ ವಿಡಿಯೊ ನಮ್ಮ ಎಷ್ಟೋ ಮನೆಗಳ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರುತ್ತಿದೆ. ಬಹುಪಾಲು ಅವು ಟ್ಯಾಂಡೆಮ್ ಜಿಗಿತಗಳು. ಹೋದವರನ್ನು ಅನುಭವಿ ಬೋಧಕರ ಎದೆಗೆ ಸೇರಿಸಿ ಕಟ್ಟಿರುತ್ತಾರೆ, ಜವಾಬ್ದಾರಿಯೆಲ್ಲ ಬೋಧಕರದ್ದೇ. ಆದರೆ ಒಮ್ಮೆ ಹೋಗಿ ಬಂದವರಲ್ಲಿ ಕೆಲವರಿಗೆ ಒಬ್ಬರೇ ಧುಮುಕುವ ಆಸೆ ಹತ್ತುತ್ತದೆ. ಅಲ್ಲಿಂದ ಮುಂದೆ ಅವರ ಜೀವ ಅವರ ಕೈಯಲ್ಲೇ. ಅವರಿಗೂ, ಇಲ್ಲಿ ಕೂತು ನಿದ್ದೆಗೆಡುವ ಮನೆಯವರಿಗೂ ಈ ಬರಹ. ಇಲ್ಲಿರುವ ಎತ್ತರಗಳು, ಕ್ರಮಗಳು ಹೆಚ್ಚಾಗಿ ಯುಎಸ್‌ಪಿಎ ಎಂದೇ ಪರಿಚಿತವಾದ ಅಮೆರಿಕದ ಪ್ಯಾರಾಚೂಟ್ ಸಂಘದ ಪದ್ಧತಿಯವು. ಬೇರೆ ದೇಶದಲ್ಲಿ, ಬೇರೆ ಶಾಲೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಇರುತ್ತದೆ. ಓದಿ ತಿಳಿಯುವುದು ಬೇರೆ, ಬೋಧಕರ ಮುಂದೆ ನಿಂತು ಕಲಿಯುವುದು ಬೇರೆ. ಓದು ತರಬೇತಿಯ ಜಾಗವನ್ನು ಎಂದೂ ತುಂಬಲಾರದು.

ಒಂದು ಚೀಲ, ಎರಡು ಛತ್ರಿ

1797ರ ಅಕ್ಟೋಬರ್ 22ರಂದು ಪ್ಯಾರಿಸ್ಸಿನ ಮೋನ್ಸೋ ಉದ್ಯಾನದ ಮೇಲೆ ಆಂದ್ರೆ ಜಾಕ್ ಗಾರ್ನೆರಿನ್ ಬಲೂನಿನಿಂದ ಬೇರ್ಪಟ್ಟು ಬಟ್ಟೆಯ ಛತ್ರಿಯ ಕೆಳಗೆ ಇಳಿದ. ಛತ್ರಿಯ ನೆತ್ತಿಯಲ್ಲಿ ಗಾಳಿ ಹೊರಹೋಗಲು ಕಿಂಡಿ ಇರಲಿಲ್ಲವಾಗಿ ಬುಟ್ಟಿ ದಾರಿಯುದ್ದಕ್ಕೂ ಜೋರಾಗಿ ತೂಗಾಡಿತು. 1919ರ ಏಪ್ರಿಲ್ 28ರಂದು ಅಮೆರಿಕದ ಮೆಕುಕ್ ಫೀಲ್ಡ್‌ನಲ್ಲಿ ಲೆಸ್ಲಿ ಇರ್ವಿನ್ ವಿಮಾನದಿಂದ ಧುಮುಕಿ, ಬೀಳುತ್ತಿರುವಾಗ ತನ್ನ ಕೈಯಿಂದಲೇ ಹಿಡಿ ಎಳೆದು ಪ್ಯಾರಾಚೂಟ್ ಬಿಚ್ಚಿದ. ಹಾಗೆ ಬೀಳುವಾಗ ಮನುಷ್ಯ ಪ್ರಜ್ಞೆ ಕಳೆದುಕೊಳ್ಳುತ್ತಾನೆ ಎಂದು ಹಲವರು ನಂಬಿದ್ದ ಕಾಲವದು. ಆ ನಂಬಿಕೆ ಸುಳ್ಳಾಯಿತು. ಛತ್ರಿ ಮಾತ್ರ ಆಮೇಲೂ ದುಂಡಗೇ ಉಳಿಯಿತು. ಬೀಳುವುದನ್ನು ನಿಧಾನಗೊಳಿಸುವುದಷ್ಟೇ ಅದರ ಕೆಲಸವಾಗಿತ್ತು.

1960ರ ದಶಕದಲ್ಲಿ ಗಾಳಿಪಟಗಳ ಮೇಲೆ ಕೆಲಸ ಮಾಡುತ್ತಿದ್ದ ಡೊಮಿನಾ ಜಾಲ್ಬರ್ಟ್ ರೂಪಿಸಿದ ವಿನ್ಯಾಸ ಇದನ್ನು ಬದಲಿಸಿತು. ಎರಡು ಪದರ ಬಟ್ಟೆ, ನಡುವೆ ಸಾಲಾಗಿ ಹೊಲಿದ ಅಡ್ಡಗೋಡೆಗಳು, ಮುಂಭಾಗದಲ್ಲಿ ತೆರೆದ ಬಾಯಿಗಳು. ಗಾಳಿ ಒಳನುಗ್ಗಿದೊಡನೆ ಬಟ್ಟೆ ಬಿಗಿದು ವಿಮಾನದ ರೆಕ್ಕೆಯಾಗುತ್ತದೆ. ಇಂದು ಕ್ರೀಡೆಯಲ್ಲಿ ಬಳಸುವ ಆಯತಾಕಾರದ ಪ್ಯಾರಾಚೂಟ್ ಹೀಗೆ ಬಂದದ್ದು. ಇದು ಕೆಳಗಿಳಿಯುವುದರ ಜೊತೆಗೆ ಮುಂದಕ್ಕೂ ಹಾರುತ್ತದೆ. ಎಡಗೈಯ ಟಾಗಲ್ ಎಂಬ ಹಿಡಿಕೆಯನ್ನು ಎಳೆದರೆ ಎಡಕ್ಕೆ, ಬಲಗೈಯದನ್ನು ಎಳೆದರೆ ಬಲಕ್ಕೆ ತಿರುಗುತ್ತದೆ. ಎರಡನ್ನೂ ಒಟ್ಟಿಗೆ ಎಳೆದರೆ ವೇಗ ಇಳಿಯುತ್ತದೆ. ಮನುಷ್ಯ ಮೆಲ್ಲಗೆ ನೆಲಕ್ಕೆ ಕಾಲಿಡುವುದು ಈ ಗುಣದಿಂದ. ಆಡಿಸಲು ಗೊತ್ತಿಲ್ಲದವನ ಕೈಯಲ್ಲಿ ಅದು ಜೀವಕ್ಕೆ ಎರವಾಗುವುದೂ ಇದೇ ಗುಣದಿಂದ.

ಬೆನ್ನಿಗೆ ಕಟ್ಟುವ ಚೀಲ, ಹಾರ್ನೆಸ್, ಒಳಗಿನ ಪ್ಯಾರಾಚೂಟ್‌ಗಳು ಎಲ್ಲ ಸೇರಿ ‘ರಿಗ್’. ಚೀಲದ ಕೆಳಗಿನ ಅರೆಯಲ್ಲಿ ಮುಖ್ಯ ಪ್ಯಾರಾಚೂಟ್, ಮೇಲಿನ ಅರೆಯಲ್ಲಿ ಆಪತ್ತಿಗೆಂದು ಇಟ್ಟ ರಿಸರ್ವ್. ಮುಖ್ಯದ್ದನ್ನು ಧುಮುಕುವವರೇ ಮಡಚಬಹುದು. ಕಲಿಕೆಯ ಒಂದು ಹಂತದಲ್ಲಿ ಮಡಚಲು ಕಲಿಯಲೇಬೇಕು. ರಿಸರ್ವ್ ವಿಷಯದಲ್ಲಿ ಕಾನೂನು ಬಿಗಿ. ಅಮೆರಿಕದಲ್ಲಿ ಅದನ್ನು ಸರ್ಕಾರದ ಪರವಾನಗಿ ಪಡೆದ ರಿಗ್ಗರ್ ಮಾತ್ರ ಮಡಚಬೇಕು, 180 ದಿನಕ್ಕೊಮ್ಮೆ ಬಿಚ್ಚಿ ಪರೀಕ್ಷಿಸಿ ಮತ್ತೆ ಮಡಚಬೇಕು, ಪಿನ್ನಿಗೆ ದಾರ ಸುತ್ತಿ ಸೀಲ್ ಒತ್ತಬೇಕು, ಕಾರ್ಡಿನಲ್ಲಿ ದಿನಾಂಕ ಬರೆದು ಸಹಿ ಹಾಕಬೇಕು. ಒಮ್ಮೆಯೂ ಬಳಸದಿದ್ದರೂ ಈ ಗಡುವು ತಪ್ಪುವುದಿಲ್ಲ.

ಮುಖ್ಯ ಪ್ಯಾರಾಚೂಟ್ ಬಿಚ್ಚಿಕೊಳ್ಳುವುದಕ್ಕೆ ಒಂದು ಕ್ರಮವಿದೆ. ಚೀಲದ ತಳದಲ್ಲಿ, ಬಲಗೈಗೆ ಸಿಗುವಂತೆ, ಪೈಲಟ್ ಚೂಟ್ ಎಂಬ ಪುಟ್ಟ ಛತ್ರಿ ಇರುತ್ತದೆ. ಅದನ್ನು ಎಳೆದು ಗಾಳಿಗೆ ಎಸೆಯಬೇಕು. ಗಾಳಿ ಹಿಡಿದ ಪೈಲಟ್ ಚೂಟ್ ತನ್ನ ಪಟ್ಟಿಯನ್ನು ಜಗ್ಗುತ್ತದೆ, ಪಟ್ಟಿ ಪಿನ್ನನ್ನು ಕೀಳುತ್ತದೆ, ಒಳಚೀಲ ಮೇಲೇಳುತ್ತದೆ, ಹಗ್ಗಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ, ಕೊನೆಗೆ ಬಟ್ಟೆ ಹೊರಬರುತ್ತದೆ. ಗಂಟೆಗೆ 190 ಕಿ.ಮೀ. ವೇಗದಲ್ಲಿ ಬಟ್ಟೆ ಒಮ್ಮೆಲೇ ಅರಳಿದರೆ ಮೈಗೆ ಬೀಳುವ ಏಟನ್ನು ತಡೆದುಕೊಳ್ಳುವುದು ಕಷ್ಟ. ಅದಕ್ಕೇ ನಾಲ್ಕು ಮೂಲೆಯಲ್ಲಿ ಬಳೆಗಳಿರುವ ಸ್ಲೈಡರ್ ಎಂಬ ಆಯತಾಕಾರದ ಬಟ್ಟೆಯೊಂದು ಹಗ್ಗಗಳನ್ನು ಒಟ್ಟಾಗಿ ಹಿಡಿದಿರುತ್ತದೆ. ಅದು ಗಾಳಿಗೆ ಎದುರಾಗಿ ನಿಧಾನವಾಗಿ ಕೆಳಗಿಳಿದಂತೆ ರೆಕ್ಕೆ ಹಂತಹಂತವಾಗಿ ಅರಳುತ್ತದೆ. ಇಷ್ಟಕ್ಕೆ ಕೆಲವು ಸೆಕೆಂಡು, ಕೆಲವು ನೂರು ಅಡಿ ಖರ್ಚು.

ಮೂರು ಉಂಗುರಗಳ ಬೀಗ

ಮುಖ್ಯ ಪ್ಯಾರಾಚೂಟ್ ಕೆಟ್ಟರೆ ಅದನ್ನು ಕಳಚಿ ಎಸೆಯಬೇಕು. ಇಲ್ಲದಿದ್ದರೆ ರಿಸರ್ವ್ ಬಿಚ್ಚಿದಾಗ ಎರಡೂ ಸಿಕ್ಕಿಕೊಳ್ಳಬಹುದು. ಹಳೆಯ ಸಲಕರಣೆಯಲ್ಲಿ ಎರಡು ಭುಜಗಳ ಮೇಲಿನ ಲೋಹದ ಕೊಂಡಿಗಳನ್ನು ಬೇರೆ ಬೇರೆಯಾಗಿ ಬಿಡಿಸಬೇಕಿತ್ತು. ಗಿರಗಿರನೆ ತಿರುಗುತ್ತಿರುವ ಮನುಷ್ಯನಿಗೆ ಅದು ಸುಲಭದ ಕೆಲಸವಲ್ಲ. 1970ರ ದಶಕದಲ್ಲಿ ಅಮೆರಿಕದ ಬಿಲ್ ಬೂತ್ ರೂಪಿಸಿದ ಮೂರು ಉಂಗುರಗಳ ಬೀಗ ಇದಕ್ಕೆ ಪರಿಹಾರವಾಯಿತು. ಹೊಸಬರು ರಿಗ್ ಹಾಕಿಕೊಳ್ಳುವ ಮುನ್ನ ಇದನ್ನು ಕೈಯಲ್ಲಿ ಹಿಡಿದು ನೋಡಬೇಕು.

ಭುಜದ ಬಳಿ ಹಾರ್ನೆಸ್‌ಗೆ ಹೊಲಿದ ದೊಡ್ಡ ಉಂಗುರವೊಂದಿದೆ. ಪ್ಯಾರಾಚೂಟಿನ ಹಗ್ಗಗಳು ಬಂದು ಸೇರುವ ಪಟ್ಟಿಗೆ ರೈಸರ್ ಎಂದು ಹೆಸರು. ಆ ಪಟ್ಟಿಯ ತುದಿಯಲ್ಲಿ ನಡು ಗಾತ್ರದ ಇನ್ನೊಂದು ಉಂಗುರ. ಅದನ್ನು ದೊಡ್ಡ ಉಂಗುರದೊಳಗೆ ತೂರಿಸಿ ಮೇಲಕ್ಕೆ ಮಡಚುತ್ತಾರೆ. ಮೂರನೆಯ ಪುಟ್ಟ ಉಂಗುರವನ್ನು ನಡುವಿನದರೊಳಗೆ ತೂರಿಸಿ ಮತ್ತೆ ಮಡಚುತ್ತಾರೆ. ಅದರ ಮೇಲೆ ಬಟ್ಟೆಯ ಒಂದು ಕುಣಿಕೆ ಬರುತ್ತದೆ. ಪಟ್ಟಿಯಲ್ಲಿರುವ ತೂತಿನ ಮೂಲಕ ಹಿಂಬದಿಗೆ ಹೊರಟ ಆ ಕುಣಿಕೆಯೊಳಗೆ ಪ್ಲಾಸ್ಟಿಕ್ ಹೊದಿಕೆಯ ಹಳದಿ ಕೇಬಲ್ ಹಾದುಹೋಗುತ್ತದೆ. ಒಂದೊಂದು ಉಂಗುರವೂ ಭಾರವನ್ನು ಹಲವು ಪಾಲು ತಗ್ಗಿಸುವುದರಿಂದ ಕುಣಿಕೆಗೆ ತಲುಪುವುದು ಅದರ ಅತಿ ಚಿಕ್ಕ ಅಂಶ. ಹಾಗಾಗಿ ಮೈಭಾರವೆಲ್ಲ ತೂಗುತ್ತಿದ್ದರೂ ಕೇಬಲ್ ಕೈಯೆಳೆತಕ್ಕೆ ಸಲೀಸಾಗಿ ಜಾರುತ್ತದೆ. ಕೇಬಲ್ ಜಾರಿತೋ, ಕುಣಿಕೆ ಬಿಟ್ಟುಕೊಳ್ಳುತ್ತದೆ, ಮೂರು ಉಂಗುರಗಳೂ ಒಂದರ ಹಿಂದೊಂದು ಉರುಳಿ ಪಟ್ಟಿ ಬೇರ್ಪಡುತ್ತದೆ. ಎರಡೂ ಭುಜಗಳ ಕೇಬಲ್‌ಗಳು ಬಂದು ಸೇರುವುದು ಎದೆಯ ಬಲಬದಿಯ ಒಂದೇ ಕೆಂಪು ಹಿಡಿಗೆ. ಎಡಬದಿಯಲ್ಲಿ ರಿಸರ್ವ್‌ನ ಬೆಳ್ಳಿ ಬಣ್ಣದ ಹಿಡಿ. ತಿಂಗಳುಗಟ್ಟಲೆ ಬಿಚ್ಚದೆ ಬಿಟ್ಟರೆ ಪಟ್ಟಿ ಮಡಚಿದ ಕಡೆ ಗಡುಸಾಗುತ್ತದೆ, ಕೇಬಲ್ ಮೇಲೆ ಕೊಳೆ ಕೂರುತ್ತದೆ. ಆಗಾಗ ಬಿಚ್ಚಿ, ಪಟ್ಟಿಯನ್ನು ಬಾಗಿಸಿ, ಕೇಬಲ್ ಒರೆಸಿ ಮತ್ತೆ ಜೋಡಿಸಬೇಕು.

ಇದರ ಮೇಲೆ ಇನ್ನೆರಡು ಆಸರೆಗಳಿವೆ. ಒಂದು, ಆರ್‌ಎಸ್‌ಎಲ್ ಎಂಬ ಪಟ್ಟಿ. ಕೆಟ್ಟ ಪ್ಯಾರಾಚೂಟ್ ಕಳಚಿ ಹೋಗುವಾಗ ಈ ಪಟ್ಟಿ ರಿಸರ್ವ್‌ನ ಪಿನ್ನನ್ನು ತಾನೇ ಕಿತ್ತುಕೊಂಡು ಹೋಗುತ್ತದೆ. ಇನ್ನೊಂದು, ಎಎಡಿ ಎಂಬ ಪುಟ್ಟ ಯಂತ್ರ. ಜರ್ಮನಿಯ ಹೆಲ್ಮುಟ್ ಕ್ಲೋತ್ 1991ರಲ್ಲಿ ಮಾರುಕಟ್ಟೆಗೆ ತಂದ ‘ಸೈಪ್ರೆಸ್’ ಇವುಗಳಲ್ಲಿ ಹೆಸರುವಾಸಿ. ಗಾಳಿಯ ಒತ್ತಡ ಅಳೆಯುತ್ತ ಅದು ಎತ್ತರವನ್ನೂ ಇಳಿಯುವ ವೇಗವನ್ನೂ ಲೆಕ್ಕ ಹಾಕುತ್ತಿರುತ್ತದೆ. ಅನುಭವಿಗಳ ಮಾದರಿಯಲ್ಲಿ, ಸುಮಾರು 750 ಅಡಿಯಲ್ಲೂ ಸೆಕೆಂಡಿಗೆ 35 ಮೀಟರ್ ಮೀರಿದ ವೇಗದಲ್ಲಿ ಬೀಳುತ್ತಿದ್ದರೆ ರಿಸರ್ವ್ ಮುಚ್ಚಿರುವ ಕುಣಿಕೆಯನ್ನು ಕತ್ತರಿಸುತ್ತದೆ. ವಿದ್ಯಾರ್ಥಿ ಮಾದರಿ ಸೆಕೆಂಡಿಗೆ 13 ಮೀಟರ್ ವೇಗಕ್ಕೇ ಎಚ್ಚರಗೊಳ್ಳುತ್ತದೆ. ಪ್ರಜ್ಞೆ ತಪ್ಪಿದವರನ್ನೂ, ಎತ್ತರದ ಎಚ್ಚರ ತಪ್ಪಿದವರನ್ನೂ ಇದು ಉಳಿಸಿದೆ. ಆದರೆ ಮುಖ್ಯ ಪ್ಯಾರಾಚೂಟ್ ಅರೆಬರೆ ಅರಳಿ ವೇಗ ಮಿತಿಯೊಳಗೇ ಇದ್ದರೆ ಯಂತ್ರ ಸುಮ್ಮನಿರುತ್ತದೆ. ಆ ವೇಗದಲ್ಲಿ ನೆಲ ಮುಟ್ಟಿದರೂ ಪ್ರಾಣ ಹೋಗಬಹುದು. ಆದ್ದರಿಂದಲೇ ‘ಯಂತ್ರ ಇಲ್ಲವೆಂದೇ ಭಾವಿಸಿ ನಿನ್ನ ಕೆಲಸ ನೀನು ಮಾಡು’ ಎಂದು ಬೋಧಕರು ಹೇಳುತ್ತಾರೆ.

ಉಳಿದವು ಮಣಿಕಟ್ಟಿನ ಆಲ್ಟಿಮೀಟರ್, ಗಟ್ಟಿ ಹೆಲ್ಮೆಟ್, ಕನ್ನಡಕ, ಬೋಧಕರ ಸೂಚನೆ ಕೇಳಲು ರೇಡಿಯೊ. ಇವುಗಳಲ್ಲಿ ಹೆಚ್ಚು ಬೆಲೆ ಕೊಡಬೇಕಾದದ್ದು ಆಲ್ಟಿಮೀಟರ್‌ಗೆ. ಬೀಳುವವರಿಗೆ ಕಣ್ಣಳತೆಯಿಂದ ಎತ್ತರ ತಿಳಿಯುವುದು ಬಹಳ ಕಷ್ಟ. ತೀರಾ ಕೆಳಗೆ ಬರುವವರೆಗೆ ನೆಲ ಇದ್ದಲ್ಲೇ ಇರುವಂತೆ ಕಾಣುತ್ತದೆ.

ಮೈಗೆ ಕಲಿಸುವ ಪಾಠ

ಒಬ್ಬರೇ ಧುಮುಕಲು ಕಲಿಯುವುದಕ್ಕೆ ಎರಡು ದಾರಿಗಳು ಪ್ರಸಿದ್ಧ. ಹಳೆಯದು ಸ್ಟ್ಯಾಟಿಕ್ ಲೈನ್: ವಿಮಾನಕ್ಕೆ ಕಟ್ಟಿದ ಪಟ್ಟಿ, ಧುಮುಕಿದ ಕೂಡಲೇ ಪ್ಯಾರಾಚೂಟನ್ನು ಬಿಚ್ಚುತ್ತದೆ. ಇನ್ನೊಂದು ಎಎಫ್ಎಫ್, ಎಂದರೆ ಆಕ್ಸಿಲರೇಟೆಡ್ ಫ್ರೀಫಾಲ್. ಇದು 1980ರ ದಶಕದ ಮೊದಲಲ್ಲಿ ಅಮೆರಿಕದಲ್ಲಿ ಆರಂಭವಾಗಿ ಎಲ್ಲೆಡೆ ಹರಡಿತು. ಇದರಲ್ಲಿ ಮೊದಲ ಜಿಗಿತದಿಂದಲೇ ವಿದ್ಯಾರ್ಥಿ ತನ್ನದೇ ರಿಗ್ ಹೊತ್ತು ಧುಮುಕುತ್ತಾನೆ. ಇಬ್ಬರು ಬೋಧಕರು ಎಡಬಲದಲ್ಲಿ ಹಾರ್ನೆಸ್ ಹಿಡಿದು ಜೊತೆಗೇ ಬೀಳುತ್ತಾರೆ. ಮುಂದಿನ ಹಂತಗಳಲ್ಲಿ ಒಬ್ಬರೇ ಬೋಧಕರು, ಆಮೇಲೆ ಹಿಡಿತವೂ ಇಲ್ಲ. ಯುಎಸ್‌ಪಿಎ ಕ್ರಮದಲ್ಲಿ ಎಂಟು ಹಂತ ದಾಟಿ, ಕನಿಷ್ಠ 25 ಜಿಗಿತ ಮುಗಿಸಿ, ಪರೀಕ್ಷೆಗಳಲ್ಲಿ ತೇರ್ಗಡೆಯಾದವರಿಗೆ ‘ಎ’ ಪರವಾನಗಿ.

ಮೊದಲ ಜಿಗಿತದ ತರಗತಿಗೆ ಹೆಚ್ಚೂಕಡಿಮೆ ಒಂದು ಇಡೀ ದಿನ ಬೇಕು. ಮೊದಲು ಕಲಿಸುವುದು ಮೈಯ ಭಂಗಿ. ಸೊಂಟ ಮುಂದಕ್ಕೆ, ಎದೆ ತೆರೆದು, ತಲೆ ಎತ್ತಿ, ಕೈಕಾಲು ಸಡಿಲ. ಇದೇ ‘ಆರ್ಚ್’. ನೆಲದ ಮೇಲೆ ಹೊಟ್ಟೆಯಡಿ ಮಲಗಿ, ಮಾದರಿ ಬಾಗಿಲಿನಿಂದ ಹಾರಿ, ಅದನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ. ಸೊಂಟ ಕೆಳಗಿದ್ದರೆ ಮೈ ತಾನಾಗಿ ಹೊಟ್ಟೆ ಕೆಳಗಾಗಿ ನಿಲ್ಲುತ್ತದೆ; ಗಾಬರಿಯಿಂದ ಮೈ ಮುದುಡಿದರೆ ಮಗುಚುತ್ತದೆ.

ಬೀಳುವಾಗ ಗಾಳಿಯ ಸದ್ದಿನಲ್ಲಿ ಮಾತು ಕೇಳದು. ಬೋಧಕರ ಸೂಚನೆಗಳೆಲ್ಲ ಬೆರಳುಗಳಲ್ಲೇ: ಎರಡು ಬೆರಳು ನೀಡಿದರೆ ಕಾಲು ಚಾಚು, ಹೆಬ್ಬೆರಳು ಕೆಳಗೆ ತೋರಿದರೆ ಸೊಂಟ ಇನ್ನಷ್ಟು ಮುಂದೂಡು, ತೋರುಬೆರಳು ನೆಟ್ಟಗೆ ಚಾಚಿದರೆ ಈಗಲೇ ಪ್ಯಾರಾಚೂಟ್ ಬಿಚ್ಚು. ವಿದ್ಯಾರ್ಥಿ ಬೀಳುತ್ತಲೇ ಪೈಲಟ್ ಚೂಟಿನ ಹಿಡಿಯನ್ನು ಎಳೆಯದೆ ಮುಟ್ಟಿ ನೋಡುವ ಅಭ್ಯಾಸ ಮಾಡುತ್ತಾನೆ. ಐದಾರು ಸೆಕೆಂಡಿಗೊಮ್ಮೆ ಆಲ್ಟಿಮೀಟರ್ ನೋಡುತ್ತಾನೆ. ನಿಗದಿತ ಎತ್ತರ ಬಂದೊಡನೆ ಎರಡೂ ಕೈ ಬೀಸಿ ಸುತ್ತಲಿನವರಿಗೆ ತಿಳಿಸಿ, ಹಿಡಿ ಎಳೆದು ಎಸೆಯುತ್ತಾನೆ.

ಇಲ್ಲಿ ಮೂರು ಆದ್ಯತೆಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಮೊದಲನೆಯದು, ಪ್ಯಾರಾಚೂಟ್ ಬಿಚ್ಚು. ಎರಡನೆಯದು, ಸರಿಯಾದ ಎತ್ತರದಲ್ಲಿ ಬಿಚ್ಚು. ಮೂರನೆಯದು, ಮೈ ಸ್ಥಿರವಾಗಿದ್ದಾಗ ಬಿಚ್ಚು. ಈ ಅನುಕ್ರಮ ಮುಖ್ಯ. ಮೈ ಉರುಳಾಡುತ್ತಿದೆ, ಮೊದಲು ನೆಟ್ಟಗಾಗುತ್ತೇನೆ ಎಂದು ಹೋರಾಡುತ್ತ ಎತ್ತರ ಕಳೆದುಕೊಂಡವರು ಈ ಕ್ರೀಡೆಯ ಚರಿತ್ರೆಯಲ್ಲಿ ಕಡಿಮೆಯಿಲ್ಲ. ಐದು ಸೆಕೆಂಡಿನಲ್ಲಿ ಹಿಡಿತ ಬರಲಿಲ್ಲವೇ, ಬಿಚ್ಚು. ಇಬ್ಬರು ಬೋಧಕರೂ ಕೈತಪ್ಪಿದರೇ, ಆಗಲೂ ಬಿಚ್ಚು.

ವಿಮಾನದೊಳಗೂ ಪಾಠವಿದೆ. ಏರುವಾಗ ಸೀಟುಬೆಲ್ಟ್ ಕಟ್ಟಿರಬೇಕು. ತೀರಾ ಕೆಳಗಿರುವಾಗ ವಿಮಾನ ಕೆಟ್ಟರೆ ಎಲ್ಲರೂ ವಿಮಾನದ ಜೊತೆಯಲ್ಲೇ ಇಳಿಯುವುದು, ಸಾಕಷ್ಟು ಎತ್ತರವಿದ್ದರೆ ಬೋಧಕರು ಹೇಳಿದಂತೆ ಧುಮುಕುವುದು. ಬಾಗಿಲ ಬಳಿ ಸರಿಯುವಾಗ ಹಿಡಿಗಳು ಎಲ್ಲಿಗೂ ಸಿಕ್ಕಿಕೊಳ್ಳದಂತೆ ಕೈಯಲ್ಲಿ ಕಾಯ್ದುಕೊಳ್ಳಬೇಕು. ತೆರೆದ ಬಾಗಿಲಿನಿಂದ ಯಾರದಾದರೂ ಪೈಲಟ್ ಚೂಟ್ ಹೊರಕ್ಕೆ ಹಾರಿತೆಂದರೆ ಅದು ಅವರನ್ನು ಬಾಗಿಲಿಗೆ ಅಪ್ಪಳಿಸಿ ಎಳೆದೊಯ್ಯುತ್ತದೆ, ವಿಮಾನದ ಬಾಲಕ್ಕೂ ಸಿಕ್ಕಬಹುದು.

ಕೆಂಪು, ಆಮೇಲೆ ಬೆಳ್ಳಿ

ಪ್ಯಾರಾಚೂಟ್ ಬಿಚ್ಚಿದ ಮೇಲೆ ತಲೆಯೆತ್ತಿ ಕೇಳಿಕೊಳ್ಳಬೇಕಾದ ಪ್ರಶ್ನೆ ಮೂರು. ಮೇಲೆ ರೆಕ್ಕೆ ಇದೆಯೇ? ಆಯತವಾಗಿ ಅರಳಿದೆಯೇ? ಹೇಳಿದಂತೆ ಕೇಳುತ್ತಿದೆಯೇ? ಕೊನೆಯದನ್ನು ತಿಳಿಯಲು ಟಾಗಲ್ ಬಿಡಿಸಿ, ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಿ, ಎರಡನ್ನೂ ಪೂರ್ತಿ ಎಳೆದು ವೇಗ ಇಳಿಯುತ್ತದೆಯೇ ಎಂದು ನೋಡಬೇಕು.

ಕೆಲವು ತೊಂದರೆಗಳು ಸಣ್ಣವು, ಸರಿಪಡಿಸಬಹುದಾದವು. ಹಗ್ಗಗಳು ಹುರಿಗೊಂಡಿದ್ದರೆ ರೈಸರ್‌ಗಳನ್ನು ಅಗಲಿಸಿ ಹಿಡಿದು, ಕಾಲು ಒದ್ದು ಹುರಿ ಬಿಡಿಸಬೇಕು. ರೆಕ್ಕೆಯ ತುದಿಯ ಗೂಡುಗಳಿಗೆ ಗಾಳಿ ತುಂಬಿಲ್ಲದಿದ್ದರೆ, ಸ್ಲೈಡರ್ ಅರ್ಧದಲ್ಲಿ ನಿಂತಿದ್ದರೆ ಎರಡೂ ಟಾಗಲ್‌ಗಳನ್ನು ಸೊಂಟದವರೆಗೆ ಎಳೆದು ಹಿಡಿದು ನಿಧಾನವಾಗಿ ಬಿಡಬೇಕು. ಇದೆಲ್ಲ ಮಾಡುತ್ತಿರುವಾಗಲೂ ಕಣ್ಣು ಆಲ್ಟಿಮೀಟರ್ ಮೇಲಿರಬೇಕು. ವಿದ್ಯಾರ್ಥಿಗಳಿಗೆ ನಿರ್ಧಾರದ ಎತ್ತರ 2,500 ಅಡಿ. ಅಷ್ಟರೊಳಗೆ ‘ಈ ಪ್ಯಾರಾಚೂಟಿನಿಂದ ಸುರಕ್ಷಿತವಾಗಿ ಇಳಿಯಬಲ್ಲೆ’ ಎಂಬ ಖಾತ್ರಿ ಬಾರದಿದ್ದರೆ ಅದನ್ನು ಬಿಡಬೇಕು. ಇನ್ನೊಮ್ಮೆ ಪ್ರಯತ್ನಿಸಿ ನೋಡೋಣ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಪೈಲಟ್ ಚೂಟಿನ ಹಿಡಿಯೇ ಸಿಗದಿದ್ದರೆ, ಎಳೆದರೂ ಬಾರದಿದ್ದರೆ? ಎರಡು ಪ್ರಯತ್ನ. ಮೂರನೆಯದಿಲ್ಲ, ನೇರ ರಿಸರ್ವ್. ಹೊರಬಂದ ಪ್ಯಾರಾಚೂಟ್ ಒಳಚೀಲದೊಳಗೇ ಸಿಕ್ಕಿಕೊಂಡಿದ್ದರೆ, ಹರಿದಿದ್ದರೆ, ನಿಲ್ಲದೆ ಸುತ್ತುತ್ತಿದ್ದರೆ ಮೊದಲು ಕೆಂಪು, ಆಮೇಲೆ ಬೆಳ್ಳಿ.

ಇದನ್ನು ಕಲಿಸುವ ಬಗೆ ನೋಡುವಂಥದ್ದು. ತರಗತಿಯ ಛಾವಣಿಯಿಂದ ಹಾರ್ನೆಸ್ ಒಂದನ್ನು ಇಳಿಬಿಟ್ಟಿರುತ್ತಾರೆ. ವಿದ್ಯಾರ್ಥಿ ಅದರಲ್ಲಿ ತೂಗುತ್ತಿರುತ್ತಾನೆ. ಬೋಧಕರು ಇದ್ದಕ್ಕಿದ್ದಂತೆ ಅವನ ತಲೆಯ ಮೇಲೆ ಒಂದು ಚಿತ್ರ ಹಿಡಿಯುತ್ತಾರೆ. ಒಮ್ಮೆ ಚೆನ್ನಾಗಿ ಅರಳಿದ ರೆಕ್ಕೆ, ಒಮ್ಮೆ ಹರಿದದ್ದು, ಒಮ್ಮೆ ಗಂಟಾದದ್ದು. ಜೊತೆಗೆ ‘ನಾಲ್ಕು ಸಾವಿರ ಅಡಿ, ಮೂರೂವರೆ, ಮೂರು’ ಎಂದು ಕೂಗುತ್ತ ಹಾರ್ನೆಸ್ ಹಿಡಿದು ತಿರುಗಿಸುತ್ತಾರೆ. ವಿದ್ಯಾರ್ಥಿ ಗಟ್ಟಿಯಾಗಿ ಹೇಳುತ್ತ ಮಾಡಬೇಕು: ‘ಲುಕ್ ರೆಡ್, ರೀಚ್ ರೆಡ್. ಲುಕ್ ಸಿಲ್ವರ್, ರೀಚ್ ಸಿಲ್ವರ್. ಪುಲ್ ರೆಡ್, ಪುಲ್ ಸಿಲ್ವರ್. ಆರ್ಚ್!’ ಮೊದಲು ಕಣ್ಣು ಹಿಡಿಯನ್ನು ಕಾಣಬೇಕು, ಆಮೇಲೆ ಕೈ. ಕಾಣದೆ ತಡಕಾಡಿದ ಕೈಗೆ ಹಾರ್ನೆಸ್‌ನ ಪಟ್ಟಿ ಸಿಕ್ಕಿ, ಅದನ್ನೇ ಎಳೆಯುತ್ತ ಹೊತ್ತು ಕಳೆಯುವ ಸಂಭವವಿದೆ. ಎಳೆಯುವಾಗ ಕೈ ಪೂರ್ತಿ ಚಾಚುವವರೆಗೆ ಎಳೆಯಬೇಕು. ಅರ್ಧ ಎಳೆದರೆ ಕೇಬಲ್ ಕುಣಿಕೆಯಲ್ಲೇ ಉಳಿಯುತ್ತದೆ. ಆರ್‌ಎಸ್‌ಎಲ್ ಇದ್ದರೂ ಬೆಳ್ಳಿ ಹಿಡಿಯನ್ನು ಎಳೆಯಲೇಬೇಕು. ಒಂದೊಂದು ಹಿಡಿಗೆ ಒಂದೊಂದು ಕೈಯೋ, ಎರಡೂ ಕೈಯೋ ಎಂಬುದು ಶಾಲೆಯಿಂದ ಶಾಲೆಗೆ ಬೇರೆ. ತನ್ನ ಶಾಲೆ ಕಲಿಸಿದ್ದನ್ನು ಬಿಟ್ಟು ಇನ್ನೊಂದರ ಜೊತೆ ಬೆರೆಸಬಾರದು.

ಕೆಂಪು ಹಿಡಿಗೂ ಒಂದು ತಳಮಿತಿಯಿದೆ. 1,000 ಅಡಿಗಿಂತ ಕೆಳಗೆ ಕಳಚಲು ಹೋಗಬಾರದು ಎಂದು ಕಲಿಸುತ್ತಾರೆ, ಏಕೆಂದರೆ ರಿಸರ್ವ್ ಅರಳಲು ಎತ್ತರ ಸಾಲದೇ ಹೋಗಬಹುದು. ಅಲ್ಲಿ ರಿಸರ್ವನ್ನು ಬಿಚ್ಚಿ, ತಲೆಯ ಮೇಲೆ ಎಷ್ಟಾಗುತ್ತದೋ ಅಷ್ಟು ಬಟ್ಟೆ ತಂದುಕೊಳ್ಳುವುದೊಂದೇ ದಾರಿ. ಎರಡೂ ಪ್ಯಾರಾಚೂಟ್‌ಗಳು ಒಟ್ಟಿಗೆ ಹೊರಬಂದರೆ ಅದು ಬೇರೆಯೇ ಪ್ರಕರಣ. ಹಿಂದೆ ಮುಂದೆ ಜೋಡಿಯಾಗಿ ಶಾಂತವಾಗಿ ಹಾರುತ್ತಿದ್ದರೆ ಮುಂದಿನದನ್ನು ಮೆಲ್ಲಗೆ ತಿದ್ದುತ್ತ, ಕೊನೆಯಲ್ಲಿ ಟಾಗಲ್ ಪೂರ್ತಿ ಎಳೆಯದೆ, ಉರುಳಿ ಇಳಿಯಬೇಕು. ಎರಡೂ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗಿ ನೆಲದತ್ತ ಎಳೆಯತೊಡಗಿದರೆ ಮಾತ್ರ ಮುಖ್ಯದ್ದನ್ನು ಕಳಚಬೇಕು.

ಅರಳಿದ ರೆಕ್ಕೆಯ ಕೆಳಗೂ ಅಪಾಯ

ಪ್ಯಾರಾಚೂಟ್ ಚೆನ್ನಾಗಿ ಅರಳಿತೆಂದರೆ ಗೆದ್ದಂತೆ ಎಂದು ನಾವು ಭಾವಿಸುತ್ತೇವೆ. ಅಪಘಾತಗಳ ದಾಖಲೆ ಹೇಳುವುದೇ ಬೇರೆ. ಎಷ್ಟೋ ಗಾಯಗಳು, ಸಾವುಗಳು ಸಂಭವಿಸಿರುವುದು ಸಂಪೂರ್ಣ ಸರಿಯಾಗಿ ಅರಳಿದ ರೆಕ್ಕೆಯ ಕೆಳಗೆ, ನೆಲದ ಹತ್ತಿರದಲ್ಲಿ. ಕಾರಣ ಸರಳ. ಟಾಗಲ್ ಜೋರಾಗಿ ಎಳೆದು ತಿರುಗಿಸಿದಾಗ ರೆಕ್ಕೆ ವಾಲುತ್ತದೆ, ಮನುಷ್ಯ ಹೊರಕ್ಕೆ ತೂಗುತ್ತಾನೆ, ಇಳಿಯುವ ವೇಗ ಒಮ್ಮೆಲೇ ಏರುತ್ತದೆ. ಸಾವಿರ ಅಡಿಯಲ್ಲಾದರೆ ಅದು ಖುಷಿ. ನೂರು ಅಡಿಯಲ್ಲಾದರೆ ರೆಕ್ಕೆ ನೆಟ್ಟಗಾಗುವ ಮೊದಲೇ ನೆಲ ಬಂದಿರುತ್ತದೆ. ಎದುರಿಗೆ ಬೇಲಿಯೋ ಕಾರೋ ಕಂಡಾಗ ಕೈ ತಾನಾಗಿ ಟಾಗಲ್ ಎಳೆಯುತ್ತದೆ. ಆ ಸ್ವಭಾವವನ್ನು ಅಭ್ಯಾಸದಿಂದ ಅಳಿಸಬೇಕು.

ಇಳಿಯುವುದಕ್ಕೆ ಮೊದಲೇ ಗೊತ್ತು ಮಾಡಿದ ದಾರಿಯಿದೆ. 1,000 ಅಡಿಯಲ್ಲಿ ಗಾಳಿ ಬೀಸುವ ದಿಕ್ಕಿಗೇ ಹಾರಿ, 600 ಅಡಿಯಲ್ಲಿ ಅಡ್ಡಕ್ಕೆ ತಿರುಗಿ, 300 ಅಡಿಯಲ್ಲಿ ಗಾಳಿಗೆ ಎದುರಾಗಿ ನೇರವಾಗಬೇಕು. ಅಲ್ಲಿಂದ ಮುಂದೆ ದೊಡ್ಡ ತಿರುವಿಲ್ಲ. ನೆಲ ಹತ್ತು ಹನ್ನೆರಡು ಅಡಿ ಇರುವಾಗ ಎರಡೂ ಟಾಗಲ್ ಒಂದೇ ಸಮನೆ ಕೆಳಗೆಳೆಯುವುದು ‘ಫ್ಲೇರ್’. ಮೇಲೆಯೇ ಎಳೆದುಬಿಟ್ಟರೆ ಅರ್ಧಕ್ಕೆ ಬಿಡಬಾರದು. ಬಿಟ್ಟರೆ ರೆಕ್ಕೆ ಮುಂದಕ್ಕೆ ನುಗ್ಗಿ ಮುಗ್ಗರಿಸುತ್ತದೆ. ಎಳೆದಲ್ಲೇ ಹಿಡಿದು, ಕಡೆಗೆ ಪೂರ್ತಿ ಎಳೆದು, ಉರುಳಲು ಸಿದ್ಧರಾಗಬೇಕು.

ಈ ಉರುಳುವ ವಿದ್ಯೆಗೆ ಪಿಎಲ್‌ಎಫ್ ಎಂದು ಹೆಸರು. ಪಾದ, ಮಂಡಿ ಒಂದಕ್ಕೊಂದು ಅಂಟಿಸಿ, ಮಂಡಿ ಕೊಂಚ ಮಡಚಿ, ಮೊದಲು ಅಂಗಾಲು, ಆಮೇಲೆ ಮೀನಖಂಡ, ತೊಡೆ, ಪಿರ್ರೆ, ಬೆನ್ನಿನ ಪಕ್ಕ. ಏಟು ಒಂದೇ ಮೂಳೆಗೆ ಬೀಳದೆ ಐದು ಕಡೆ ಹಂಚಿಹೋಗುತ್ತದೆ. ನಿಂತೇ ಇಳಿಯುವೆನೆಂಬ ಹಟದಲ್ಲಿ ಕಾಲು ಮುರಿದುಕೊಳ್ಳುವ ಹೊಸಬರಿಗೆ ಇದಕ್ಕಿಂತ ಬೇರೆ ಮದ್ದಿಲ್ಲ.

ಗುರಿ ತಪ್ಪಿದಾಗ ಏನು? ಮರದ ಮೇಲೆ ಬೀಳುವಂತಾದರೆ ಕಾಲು ಜೋಡಿಸಿ, ಮುಖ ಮುಚ್ಚಿ, ಸಿಕ್ಕಿಕೊಂಡ ಮೇಲೆ ಇಳಿಯಲು ಹೋಗದೆ ನೆರವಿಗೆ ಕಾಯಬೇಕು. ನೀರಿಗೆ ಬಿದ್ದರೆ ಉಸಿರು ಹಿಡಿದು ಕಾಲು ಮೊದಲಾಗಿ ಇಳಿದು, ಹಗ್ಗಗಳಿಗೆ ಸಿಕ್ಕದಂತೆ ಹಾರ್ನೆಸ್‌ನಿಂದ ಹೊರಬರಬೇಕು. ವಿದ್ಯುತ್ ತಂತಿಗಳಂತೂ ಯಾವ ಬೆಲೆ ತೆತ್ತಾದರೂ ತಪ್ಪಿಸಿಕೊಳ್ಳಬೇಕಾದವು. ಸಿಕ್ಕಿಕೊಂಡರೆ ವಿದ್ಯುತ್ ಕಡಿತವಾಗಿದೆಯೆಂದು ಖಚಿತವಾಗುವವರೆಗೆ ಕೆಳಗಿನವರು ಮುಟ್ಟಲೇಬಾರದು.

ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ವಿದ್ಯಾರ್ಥಿಗಳಿಗೆ ನೆಲದ ಗಾಳಿಯ ಮಿತಿ ಗಂಟೆಗೆ 14 ಮೈಲಿ, ಎಂದರೆ ಸುಮಾರು 22 ಕಿ.ಮೀ. ಅದಕ್ಕಿಂತ ಜೋರಾದರೆ ದಿನವಿಡೀ ಕಾದು ಮನೆಗೆ ಮರಳಬೇಕು. ದುಡ್ಡು ಕಟ್ಟಿದ್ದೇವೆ, ರಜೆ ಹಾಕಿ ಬಂದಿದ್ದೇವೆ ಎಂಬುದು ಗಾಳಿಗೆ ತಿಳಿಯುವುದಿಲ್ಲ.

ಸಲಕರಣೆ ಸುಧಾರಿಸಿತು, ಮನುಷ್ಯ?

1970ರ ದಶಕದಲ್ಲಿ ಅಮೆರಿಕದಲ್ಲಿ ಈ ಕ್ರೀಡೆಯಿಂದ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಯುಎಸ್‌ಪಿಎ ಲೆಕ್ಕದಂತೆ 2023ರಲ್ಲಿ ಸುಮಾರು 36.5 ಲಕ್ಷ ಜಿಗಿತಗಳಲ್ಲಿ ಸತ್ತವರು 10 ಜನ. ಮೂರು ಉಂಗುರ, ಎಎಡಿ, ಅಚ್ಚುಕಟ್ಟಾದ ತರಬೇತಿ ಎಲ್ಲ ಸೇರಿ ತಂದ ಬದಲಾವಣೆ ಇದು. ಆದರೆ ಮೂರು ಉಂಗುರದ ಬಿಲ್ ಬೂತ್ ಅವರೇ ಒಂದು ಎಚ್ಚರಿಕೆ ಕೊಟ್ಟಿದ್ದಾರೆ. ಸಲಕರಣೆ ಸುರಕ್ಷಿತವಾದಷ್ಟೂ ಮನುಷ್ಯ ಹೆಚ್ಚು ಅಪಾಯಕ್ಕೆ ಕೈಹಾಕಿ ಸಾವಿನ ಲೆಕ್ಕವನ್ನು ಸರಿದೂಗಿಸುತ್ತಾನೆ ಎಂಬರ್ಥದ ಅವರ ಮಾತು ಈ ವಲಯದಲ್ಲಿ ಗಾದೆಯಾಗಿದೆ. ಸ್ವಲ್ಪ ಅನುಭವ ಬಂದೊಡನೆ ಚಿಕ್ಕ, ವೇಗದ ಪ್ಯಾರಾಚೂಟ್‌ಗೆ ಜಿಗಿಯುವ ಅವಸರ ಅದಕ್ಕೆ ಕಣ್ಣೆದುರಿನ ಸಾಕ್ಷಿ.

1988ರಲ್ಲಿ ನಾರ್ತ್ ಕೆರೊಲಿನಾದಲ್ಲಿ ನೂರಾರು ಜಿಗಿತಗಳ ಅನುಭವವಿದ್ದ ಛಾಯಾಗ್ರಾಹಕರೊಬ್ಬರು ವಿದ್ಯಾರ್ಥಿಯ ಜಿಗಿತವನ್ನು ಚಿತ್ರೀಕರಿಸಲು ಕ್ಯಾಮೆರಾ ಸರಂಜಾಮು ಹೊತ್ತು ಧುಮುಕಿದರು. ಪ್ಯಾರಾಚೂಟನ್ನು ಹಾಕಿಕೊಂಡೇ ಇರಲಿಲ್ಲ. ವಿಮಾನದಲ್ಲಿದ್ದವರೂ ಗಮನಿಸಲಿಲ್ಲ. ಹೊಸಬರಿಗಿಂತ ಹಳಬರಿಗೇ ಈ ಮರೆವು ಹತ್ತಿರ. ಆದ್ದರಿಂದಲೇ ರಿಗ್ ತಪಾಸಣೆ ಮೂರು ಸಲ: ಹಾಕಿಕೊಳ್ಳುವ ಮುನ್ನ, ವಿಮಾನ ಹತ್ತುವ ಮುನ್ನ, ಧುಮುಕುವ ಮುನ್ನ. ಮೂರು ಉಂಗುರ, ಎದೆ ಪಟ್ಟಿ, ತೊಡೆ ಪಟ್ಟಿಗಳು, ಮೂರು ಹಿಡಿ, ಪಿನ್ನುಗಳು, ಎಎಡಿ ಚಾಲೂ ಇದೆಯೇ. ಬೆನ್ನ ಹಿಂದಿನದನ್ನು ತಾನೇ ನೋಡಿಕೊಳ್ಳಲಾಗದು, ಇನ್ನೊಬ್ಬರಿಗೆ ತೋರಿಸಬೇಕು. ಸಾವಿರ ಸಲ ಧುಮುಕಿದವರೂ ‘ನನ್ನ ಪಿನ್ ನೋಡಿ’ ಎಂದು ಕೇಳುವ ಈ ಪದ್ಧತಿಯಲ್ಲಿ ನನಗೆ ಬಹಳ ಗೌರವವಿದೆ. ಸಂಕೋಚವಿಲ್ಲದೆ ಕೇಳುವುದು ಇಲ್ಲಿ ಪ್ರಾಣ ಕಾಯುವ ಗುಣ.

ನಮ್ಮಲ್ಲಿ ಕೇಳಬೇಕಾದ ಪ್ರಶ್ನೆಗಳು

ಪ್ಯಾರಾಚೂಟ್ ನಮಗೆ ಅಪರಿಚಿತವಲ್ಲ. ಸೇನೆಯ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಿಂದ ಬೆಂಗಳೂರಿನಲ್ಲಿದೆ. ಅಲ್ಲಿನ ಯೋಧರು ಜಿಗಿತ ಕಲಿಯುವುದು ವಾಯುಪಡೆಯ ಆಗ್ರಾ ಶಾಲೆಯಲ್ಲಿ. ರೇಚಲ್ ಥಾಮಸ್ 2002ರಲ್ಲಿ, ಶೀತಲ್ ಮಹಾಜನ್ 2004ರಲ್ಲಿ ಉತ್ತರ ಧ್ರುವದ ಮೇಲೆ ಧುಮುಕಿ, ಮುಂದೆ ಪದ್ಮಶ್ರೀ ಪಡೆದರು. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ನಾಗರಿಕರಿಗಾಗಿ ಶಿಬಿರಗಳು ನಡೆದಿವೆ, ಹರಿಯಾಣದ ನಾರ್ನೌಲ್‌ನಲ್ಲೂ ಜಿಗಿತ ನಡೆಯುತ್ತದೆ. ವರ್ಷವಿಡೀ ನಡೆಯುವ ಕೇಂದ್ರಗಳು ನಮ್ಮಲ್ಲಿ ವಿರಳವಾದ್ದರಿಂದ, ಕಲಿಯುವ ಛಲವಿರುವ ಕನ್ನಡಿಗರು ಅಮೆರಿಕಕ್ಕೋ ಸ್ಪೇನಿಗೋ ಥಾಯ್ಲೆಂಡಿಗೋ ಹೋಗುತ್ತಾರೆ.

ಎಲ್ಲಿಗೆ ಹೋದರೂ ದುಡ್ಡು ಕಟ್ಟುವ ಮುನ್ನ ಕೇಳಬೇಕಾದ್ದಿಷ್ಟು. ಬೋಧಕರ ಪರವಾನಗಿ ಯಾವುದು, ಇವತ್ತಿಗೆ ಚಾಲ್ತಿಯಲ್ಲಿದೆಯೇ? ನನಗೆ ಕೊಡುವ ರಿಗ್‌ನ ರಿಸರ್ವ್ ಕೊನೆಯ ಸಲ ಮಡಚಿದ್ದು ಯಾವಾಗ, ಕಾರ್ಡ್ ತೋರಿಸುತ್ತೀರಾ? ವಿದ್ಯಾರ್ಥಿ ಮಾದರಿಯ ಎಎಡಿ ಇದೆಯೇ? ನನ್ನ ತೂಕಕ್ಕೆ ಎಷ್ಟು ಚದರ ಅಡಿಯ ಪ್ಯಾರಾಚೂಟ್ ಕೊಡುತ್ತೀರಿ? ಯಾವ ಗಾಳಿಗೆ ನಿಲ್ಲಿಸುತ್ತೀರಿ? ತೂಗುವ ಹಾರ್ನೆಸ್‌ನಲ್ಲಿ ಎಷ್ಟು ಹೊತ್ತು ಅಭ್ಯಾಸ ಮಾಡಿಸುತ್ತೀರಿ? ಮೇಲೆ ಹೋದ ಮೇಲೆ ಮನಸ್ಸು ಒಪ್ಪದಿದ್ದರೆ ವಿಮಾನದಲ್ಲೇ ಕೆಳಗಿಳಿಯಬಹುದೇ? ಹಾಗೆಯೇ ತನ್ನನ್ನು ತಾನು ಕೇಳಿಕೊಳ್ಳಬೇಕಾದದ್ದೂ ಇದೆ: ರಾತ್ರಿ ನಿದ್ದೆಯಾಗಿದೆಯೇ, ಮದ್ಯದ ಮಬ್ಬು ಇಳಿದಿದೆಯೇ, ಭುಜ ಹಿಂದೆಂದಾದರೂ ಜಾರಿತ್ತೇ, ಬೋಧಕರಿಂದ ಏನನ್ನಾದರೂ ಮುಚ್ಚಿಟ್ಟಿದ್ದೇನೆಯೇ?

ಈ ಪ್ರಶ್ನೆಗಳಿಗೆ ಒಳ್ಳೆಯ ಕೇಂದ್ರದವರು ಬೇಸರಿಸುವುದಿಲ್ಲ. ಕಾರ್ಡ್ ತಂದು ತೋರಿಸುತ್ತಾರೆ, ಹಿಡಿಗಳನ್ನು ಕೈಗಿತ್ತು ಎಳೆಸುತ್ತಾರೆ, ಒಂದಕ್ಕೆ ಎರಡು ಸಲ ಹೇಳಿಕೊಡುತ್ತಾರೆ. ‘ಅದೆಲ್ಲ ನಮಗೆ ಬಿಡಿ, ನೀವು ಮಜಾ ಮಾಡಿ’ ಎನ್ನುವ ಕಡೆಯಿಂದ ಎದ್ದು ಬರಬೇಕು, ಮುಂಗಡ ಹೋದರೆ ಹೋಗಲಿ. ಕಲಿಸುವ ಕಡೆ ಸಿಕ್ಕಿತೆಂದರೆ, ನಿಮ್ಮ ಮಗಳು ಧುಮುಕುತ್ತೇನೆಂದಾಗ ತಡೆಯಬೇಡಿ. ತನ್ನ ನಿರ್ಧಾರದ ಎತ್ತರ ಎಷ್ಟು, ಅಲ್ಲಿ ಯಾವ ಕೈ ಯಾವ ಹಿಡಿಗೆ ಹೋಗುತ್ತದೆ ಎಂದು ಕೇಳಿ. ತಡವರಿಸದೆ ಹೇಳಿದಳೋ, ಅವಳು ಹೋಗಿ ಬರಲಿ. ತಡವರಿಸಿದಳೋ, ಇನ್ನೊಂದು ದಿನ ನೆಲದಲ್ಲೇ ಕಲಿತು ಹೋಗಲಿ. ವಿಮಾನ ನಾಳೆಯೂ ಏರುತ್ತದೆ.